ಅಂಗವಿಕಲ ಪಿಂಚಣಿಗೆ ವಕೀಲರನ್ನ ಹಿಡೀಬೇಕಾ? ಅನುಭವ ಇರೋರು ಹೇಳಿ

ತೀರ್ಥಹಳ್ಳಿ ಅಕ್ಕ: ನನ್ನ ತಮ್ಮ, 34 ವರ್ಷ, ಹೋದ ವರ್ಷ ಅಡಿಕೆ ಕೊನೆ ತೆಗೆಯೋವಾಗ ಮರದಿಂದ ಬಿದ್ದ. ಬೆನ್ನುಮೂಳೆಗೆ ರಾಡ್ ಹಾಕಿದಾರೆ, ಬಲಗಾಲಲ್ಲಿ ಶಕ್ತಿ ಇಲ್ಲ. ಮೆಡಿಕಲ್ ಬೋರ್ಡ್‌ನಲ್ಲಿ ಸರ್ಟಿಫಿಕೇಟ್‌ಗೆ 38 ಪರ್ಸೆಂಟ್ ಅಂಗವೈಕಲ್ಯ ಅಂತ ಬರೆದು ಕಳಿಸಿದ್ರು, 40 ಇಲ್ದೆ ಪಿಂಚಣಿ ಇಲ್ಲ. ಒಬ್ಬ ವಕೀಲರು 12,000 ಆಗುತ್ತೆ ಅಂದ್ರು, ಇನ್ನೊಬ್ರು ಉಚಿತ ಕಾನೂನು ನೆರವಿಗೆ ಹೋಗಿ ಅಂದ್ರು. ಸರ್ಟಿಫಿಕೇಟ್ ಕೈಗೆ ಬಂದು 50 ದಿನ ಆಯ್ತು. ಏನ್ ಮಾಡ್ಲಿ?

ಮಂಡ್ಯದ ಅಪ್ಪ: ನಾನು ವಕೀಲ್ರ ಹತ್ರ ಹೋಗ್ಲಿಲ್ಲ ಕಣಮ್ಮ, ಏಜೆಂಟ್ ಹತ್ರ ಹೋದೆ, ಅದು ಇವತ್ತಿಗೂ ಹೊಟ್ಟೆ ಒಳಗೆ ಉರೀತದೆ. ಮಗಳಿಗೆ ಎರಡು ಕಿವೀನೂ ಕೇಳಲ್ಲ. ಸರ್ಟಿಫಿಕೇಟ್‌ಗೆ ಅಂತ ಆಸ್ಪತ್ರೆಗೆ ಮೊದಲ್ನೇ ಸಲ ಹೋದ್ರೆ ಇಎನ್‌ಟಿ ಡಾಕ್ಟ್ರು ರಜ, ಎರಡ್ನೇ ಸಲ ಬೇರಾ (ಕಿವಿ ಕೇಳೋದನ್ನ ಅಳೆಯೋ) ಟೆಸ್ಟ್ ರಿಪೋರ್ಟ್ ತನ್ನಿ ಅಂದ್ರು, ಹೊರಗಡೆ 2,200 ಕೊಟ್ಟು ಮಾಡಿಸ್ದೆ, ಮೂರ್ನೇ ಸಲ ಹೋದ್ರೆ ಪ್ರೈವೇಟ್ ರಿಪೋರ್ಟ್ ನಡಿಯಲ್ಲ ಅಂದ್ರು. ಒಂದ್ ಸಲ ಹೋಗೋದು ಅಂದ್ರೆ ನಂದು ಗಾರೆ ಕೆಲ್ಸದ ಕೂಲಿ 900, ಹೆಂಡ್ತೀದು ಗಾರ್ಮೆಂಟ್ಸ್ ಸಂಬಳ ಕಟ್, ಬಸ್ಸು ಊಟ ಅಂತ 400. ಆಮೇಲೆ ಗೇಟ್ ಮುಂದಿನ ಜೆರಾಕ್ಸ್ ಅಂಗಡೀಲಿ ಒಬ್ಬ ಸಿಕ್ಕಿ 4,500 ಕೊಡಿ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಕಾರ್ಡ್) ಮನೆಗೇ ಬರ್ತದೆ ಅಂದ. ಕೊಟ್ಟೆ. ಮೂರು ತಿಂಗಳು ಫೋನ್ ಎತ್ದ, ಆಮೇಲೆ ಸ್ವಿಚ್ ಆಫ್. ಕೊನೆಗೆ ಮೈಸೂರು ಮಾನಸಗಂಗೋತ್ರಿ ಸ್ಪೀಚ್ ಅಂಡ್ ಹಿಯರಿಂಗ್‌ಗೆ ನಾನೇ ಎತ್ಕೊಂಡು ಹೋಗಿ ಟೆಸ್ಟ್ ಮಾಡಿಸ್ದೆ, ಆ ರಿಪೋರ್ಟ್ ಮೇಲೇ ಕೆಲ್ಸ ಆಯ್ತು.

ಹಾವೇರಿ ತಾಯಿ: ರೊಕ್ಕಾ ಕೊಟ್ಟು ಕೊಟ್ಟು ಈ ದಲ್ಲಾಳಿಗಳನ್ನ ಬೆಳಸಿದವ್ರು ನೀವ ನೋಡ್ರಿ. ನಮ್ಮ ಹುಡುಗ ಬುದ್ಧಿಮಾಂದ್ಯ, ಆರು ವರ್ಷ ಪಿಂಚಣಿ ಪಗಾರ ಸರಿಯಾಗಿ ಬರ್ತಿತ್ತು, ಒಮ್ಮಿಂದೊಮ್ಮೆ ನಿಂತು ಬಿಡ್ತು. ಬ್ಯಾಂಕಿನವ್ರು ಆಧಾರ್ ಲಿಂಕ್ ಇಲ್ಲ ಅಂದ್ರು, ಆಧಾರ್ ಸೆಂಟರಿಗೆ ಹೋದ್ರ ಅವನ ಬೆರಳು ಹೊಂದಂಗಿಲ್ಲ ಅಂದ್ರು, ನಾಡ ಕಚೇರಿಯವ್ರು ಬ್ಯಾಂಕಿಗೆ ಹೋಗ್ರಿ ಅಂದ್ರು. ಹನ್ನೊಂದು ತಿಂಗಳು ಹಿಂಗ ತಿರಗ್ಯಾಡೀನಿ. ಕೋರ್ಟ್ ಕಂಪೌಂಡಿನ್ಯಾಗ ತಾಲ್ಲೂಕು ಕಾನೂನು ಸೇವಾ ಸಮಿತಿ ಅಂತ ಇರ್ತೇತಿ, ಒಂದ್ ಹಾಳಿ ಮ್ಯಾಲ ಅರ್ಜಿ ಬರದು ಕೊಟ್ಟೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 12ನೇ ಕಲಂದಾಗ ವಿಕಲಚೇತನರಿಗೆ ವಕೀಲರು ಪುಕ್ಕಟ, ಆದಾಯ ಕೇಳಂಗಿಲ್ಲ. ಅವ್ರ ಪತ್ರ ತಹಶೀಲ್ದಾರಿಗೆ ಹೋತು, ಬಾಕಿ ಎಲ್ಲಾ ಜಮಾ ಆತು. ನನಗ ಖರ್ಚಾಗಿದ್ದು ಜೆರಾಕ್ಸಿಗೆ 340 ರೂಪಾಯಿ ಅಷ್ಟ.

ಶಿರಾ ಮಂಜು: ನಿಮಗೆ ಪತ್ರದಲ್ಲೇ ಮುಗೀತು, ಎಲ್ರಿಗೂ ಹಂಗಾಗಲ್ಲ. ನಮ್ಮಪ್ಪಂಗೆ ಶುಗರಿಂದ ಕಾಲು ತೆಗೆದ್ರು. ಅಣ್ಣ ಬೇರೆ ಮನೆ ಮಾಡಿ ಎಂಟು ವರ್ಷ ಆಗಿತ್ತು, ಆದ್ರೂ ರೇಷನ್ ಕಾರ್ಡ್‌ನಲ್ಲಿ ಹೆಸ್ರಿತ್ತು ಅಂತ ಅವನ ದುಡಿಮೆ ಸೇರಿಸಿ ವರ್ಷದ ಆದಾಯ 32,000 ದಾಟಿದೆ ಅಂತ ಅರ್ಜಿ ವಜಾ ಮಾಡಿದ್ರು. ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ಅಪೀಲ್ ಹಾಕಿದಾಗ ಫ್ರೀ ವಕೀಲ್ರು ಮೂರು ತಾರೀಖು ಬರ್ಲೇ ಇಲ್ಲ, ಅಪ್ಪನ್ನ ಆಟೋದಲ್ಲಿ ಮಲಗಿಸ್ಕೊಂಡು ಹೋಗಿ ವಾಪಸ್ ಬಂದ್ವಿ. ಆಮೇಲೆ ಪ್ರೈವೇಟ್ ವಕೀಲ್ರಿಗೆ ಮೂರು ಕಂತಲ್ಲಿ 22,000 ಕೊಟ್ಟೆ, ಕೊನೇ ಕಂತಿಗೆ ಎರಡು ಕುರಿ ಮಾರ್ದೆ. ಆದೇಶ ಪ್ರತಿ ಬಂತು, ತಿಂಗಳಿಗೆ 800. ಅಪ್ಪ ಏಳು ತಿಂಗಳು ತಗೊಂಡು ತೀರ್ಕೊಂಡ್ರು.

ಹಾವೇರಿ ತಾಯಿ: 22,000 ಕೊಟ್ಟು 5,600 ತಗೊಂಡ್ರಿ. ಇದನ್ನ ಆ ಅಕ್ಕಾರಿಗೆ ಮಾಡ್ರಿ ಅಂತ ಹೇಳಾಕತ್ತೀರೇನು?

ಶಿರಾ ಮಂಜು: ಲೆಕ್ಕ ನನಗೂ ಬರುತ್ತೆ ಮೇಡಂ. ನಮ್ಮಪ್ಪ ಸುಳ್ಳು ಹೇಳಿ ಅರ್ಜಿ ಹಾಕಿದಾನೆ ಅಂತ ಆಫೀಸಲ್ಲಿ ಜನದ ಮುಂದೆ ಅಂದಿದ್ರು. ಅರವತ್ತೆಂಟು ವರ್ಷದ ಮನುಷ್ಯ ಅವತ್ತು ಅತ್ತಿದ್ರು. ಆ ಆದೇಶ ಪ್ರತೀನ ದಿಂಬಿನ ಕೆಳಗೆ ಇಟ್ಕೊಂಡೇ ಮಲಗ್ತಿದ್ರು. ಇನ್ನೂ 22,000 ಆದ್ರೂ ಕೊಡ್ತಿದ್ದೆ.

ವಿಆರ್‌ಡಬ್ಲ್ಯೂ ಕೊಪ್ಪ: ನಿಮ್ಮ ಜಗಳದಲ್ಲಿ ಅಕ್ಕನ ಪ್ರಶ್ನೆ ಎಲ್ಲಿ ಹೋಯ್ತು? ನಾನು ಪಂಚಾಯ್ತೀಲಿ ವಿಆರ್‌ಡಬ್ಲ್ಯೂ, ಅಂದ್ರೆ ಅಂಗವಿಕಲರಿಗೆ ಸಹಾಯ ಮಾಡೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ನನಗೂ ಪೋಲಿಯೋ. ಅಕ್ಕ, ಪರ್ಸೆಂಟ್ ಕಮ್ಮಿ ಬಂದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 59ನೇ ಸೆಕ್ಷನ್‌ನಲ್ಲಿ ಮೇಲ್ಮನವಿ ಇದೆ, 90 ದಿನದೊಳಗೆ ಹಾಕ್ಬೇಕು. ಸರ್ಟಿಫಿಕೇಟ್ ತೆಗೆದು ನೋಡಿ, ಕಾಲೊಂದೇ ಬರೆದಿದಾರಾ, ಬೆನ್ನೂ ಬರೆದಿದಾರಾ? ಎರಡಕ್ಕೂ ಬೇರೆ ಬೇರೆ ಅಂಕ ಹಾಕಿ ಸೇರಿಸೋ ಸೂತ್ರ ಇದೆ. ಬೆನ್ನು ಬಿಟ್ಟು ಹೋಗಿದ್ರೆ ಕಮ್ಮಿ ಬಿದ್ದ ಎರಡು ಪರ್ಸೆಂಟ್ ಅಲ್ಲೇ ಸಿಗಬಹುದು. ಆಪರೇಷನ್ ಆದ ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ ಜೊತೆಗಿಡಿ. 40 ಇಲ್ಲ, 38 ಅಂತ ಲೀಗಲ್ ಏಡ್‌ನೋರು (ಉಚಿತ ಕಾನೂನು ನೆರವಿನೋರು) ತಕರಾರು ತೆಗೆದ್ರೂ ಆದಾಯ ಕಮ್ಮಿ ಇರೋರಿಗೆ ಹೇಗೂ ಕೊಡ್ಬೇಕು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಜನ ನಮ್ಮ ಹತ್ರ ಬರೋದೇ ಎಲ್ಲಾ ಕಡೆ ದುಡ್ಡು ಕಳ್ಕೊಂಡಾದ್ಮೇಲೆ, ಆಮೇಲೆ ನಾವು ಕೆಲಸ ಮಾಡಲ್ಲ ಅಂತಾರೆ.

ಮಂಡ್ಯದ ಅಪ್ಪ: ನಿಮ್ಮೋರ ಹತ್ರಾನೇ ಮೊದ್ಲು ಹೋಗಿದ್ದು. ನಮ್ಮೂರ ವಿಆರ್‌ಡಬ್ಲ್ಯೂ ಅರ್ಜಿ ತುಂಬಕ್ಕೆ 500 ಕೇಳ್ದ. ಅದಕ್ಕೇನಂತೀರ?

ವಿಆರ್‌ಡಬ್ಲ್ಯೂ ಕೊಪ್ಪ: ಕೇಳಿದ್ರೆ ತಪ್ಪು, ಅವತ್ತೇ ಪಿಡಿಒಗೆ ದೂರು ಕೊಡ್ಬೇಕಿತ್ತು. ಒಬ್ಬ ಮಾಡಿದ್ದಕ್ಕೆ ಎಲ್ರನ್ನೂ ಸೇರಿಸ್ಬೇಡಿ. ನಮ್ಮ ಗೌರವಧನ ಎಷ್ಟು, ಎಷ್ಟು ತಿಂಗಳಿಗೊಂದು ಸಲ ಬರುತ್ತೆ ಅಂತ ಗೊತ್ತಾ? ತ್ರೀ ವೀಲರ್‌ಗೆ ಪೆಟ್ರೋಲ್ ನಾನೇ ಹಾಕಿಸ್ಕೊಂಡು ಹದಿನಾಲ್ಕು ಹಳ್ಳಿ ತಿರುಗ್ತೀನಿ.

ಹಾವೇರಿ ತಾಯಿ: ನಮ್ಮ ಕಡೆ ವಿಆರ್‌ಡಬ್ಲ್ಯೂ ಮಾರಿ ಸೈತ ನೋಡಿಲ್ಲ ನಾವು.

ತೀರ್ಥಹಳ್ಳಿ ಅಕ್ಕ: ಈಗ ತೆಗೆದು ನೋಡಿದೆ, ಬಲಗಾಲು ಅಂತ ಮಾತ್ರ ಇದೆ, ಬೆನ್ನಿನ ಬಗ್ಗೆ ಒಂದಕ್ಷರ ಇಲ್ಲ. ಇನ್ನೊಂದು, ಸರ್ಟಿಫಿಕೇಟ್ ಮೇಲಿನ ತಾರೀಖಿಗೆ 71 ದಿನ ಆಗಿದೆ, ನಮ್ಮ ಕೈಗೆ ತಡವಾಗಿ ಬಂತು. 90 ದಿನ ಯಾವಾಗಿಂದ?

ವಿಆರ್‌ಡಬ್ಲ್ಯೂ ಕೊಪ್ಪ: ತಾರೀಖಿನಿಂದಲೇ ಲೆಕ್ಕ ಇಟ್ಕೊಳ್ಳಿ. 19 ದಿನ ಇದೆ. ನಾಳೆ ಬೆಳಗ್ಗೆನೇ ತೀರ್ಥಹಳ್ಳಿ ಕೋರ್ಟ್‌ನ ಕಾನೂನು ಸೇವಾ ಸಮಿತಿಗೆ ಹೋಗಿ, ಮೇಲ್ಮನವಿಗೆ ವಕೀಲರು ಬೇಕು ಅಂತ ಅರ್ಜಿ ಕೊಡಿ, ಸೀಲ್ ಹಾಕಿದ ಸ್ವೀಕೃತಿ ಇಲ್ದೆ ವಾಪಸ್ ಬರ್ಬೇಡಿ.

ಮಂಡ್ಯದ ಅಪ್ಪ: ಪಿಡಿಒಗೂ ಹೇಳಿದ್ದೆ ಮೇಡಂ, ಏನೂ ಆಗ್ಲಿಲ್ಲ.