ಮುದಿ ನಾಯಿ ಏಳೋಕೆ ಕಷ್ಟಪಡ್ತಿದೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟರೇ, ನಮ್ಮ ಕರಿಯನಿಗೆ 12 ವರ್ಷ. ಲ್ಯಾಬ್ರಡಾರ್, 38 ಕಿಲೋ ತೂಗುತ್ತಾನೆ. ಬೆಳಿಗ್ಗೆ ಏಳುವಾಗ ಹಿಂಗಾಲು ಎತ್ತಲು ಒದ್ದಾಡುತ್ತಾನೆ. ಹತ್ತು ಹೆಜ್ಜೆ ಹಾಕಿದ ಮೇಲೆ ಸರಿಹೋಗುತ್ತಾನೆ. ಟೈಲ್ಸ್ ಮೇಲೆ ಜಾರಿ ಎರಡು ಸಲ ಬಿದ್ದ. ಮೆಟ್ಟಿಲ ಹತ್ತಿರ ಬಂದರೆ ನಿಂತು ನಮ್ಮ ಮುಖ ನೋಡುತ್ತಾನೆ. ಆದರೆ ಕುಂಯ್ ಅನ್ನುವುದಿಲ್ಲ, ಊಟವನ್ನೂ ಬಿಟ್ಟಿಲ್ಲ. ನೋವೇನೂ ಇರಲಿಕ್ಕಿಲ್ಲ, ವಯಸ್ಸಾಯಿತು ಅಷ್ಟೇ ಅಂತಾರೆ ಮನೆಯವರು. ನಮ್ಮ ಮೊಣಕಾಲು ನೋವಿನ ಮಾತ್ರೆ ಇದೆ, ಅರ್ಧ ಕೊಡಬಹುದಾ?

ಉತ್ತರ (ಪಶುವೈದ್ಯೆ): ಮೊದಲು ಮಾತ್ರೆಯ ವಿಷಯ. ಬೇಡ, ಅರ್ಧವೂ ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು. ನಾಯಿಗಳಿಗೆ ಕಾರ್ಪ್ರೊಫೆನ್‌ನಂಥ ಮಾತ್ರೆಗಳಿವೆ. ಅವನ್ನೂ ತೂಕ ನೋಡಿ, ಲಿವರ್ ಮತ್ತು ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸಿ ಕೊಡುವುದು.

ಇನ್ನು ಕರಿಯನಿಗೆ ನೋವಿಲ್ಲ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಮಲಗೆದ್ದಾಗ ಬಿಗಿ, ನಡೆದ ಮೇಲೆ ಸಡಿಲ ಅಂದರೆ ನನಗೆ ಮೊದಲು ಅನುಮಾನ ಬರುವುದು ಕೀಲು ಸವೆತದ ಮೇಲೆ. ಈ ನೋವಿಗೆ ನಾಯಿ ಕೂಗುವುದು ಕಡಿಮೆ. ಸುಮ್ನೆ ಓಡಾಟ ಕಡಿಮೆ ಮಾಡಿಕೊಳ್ಳುತ್ತದೆ, ಕೀಲನ್ನು ನೆಕ್ಕುತ್ತದೆ, ಮುಟ್ಟಿದರೆ ಸಿಡುಕುತ್ತದೆ. ಪರೀಕ್ಷೆಗೆ ಕರೆದುಕೊಂಡು ಹೋಗುವಾಗ ಬೆಳಿಗ್ಗೆ ಏಳುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ನಮ್ಮ ಮುಂದೆ ಬಂದಾಗ ಗಾಬರಿಗೋ ಉತ್ಸಾಹಕ್ಕೋ ನೆಟ್ಟಗೆ ನಡೆದುಬಿಡುತ್ತವೆ!

ಇವತ್ತೇ ಮಾಡಬಹುದಾದ್ದು ನೆಲದ ಕೆಲಸ. ಜಾರುವ ನೆಲದ ಮೇಲೆ ಅವನು ಪ್ರತಿ ಹೆಜ್ಜೆಗೂ ಮೈ ಬಿಗಿ ಹಿಡಿದು ನಡೆಯುತ್ತಾನೆ, ಸೊಂಟ ಇನ್ನಷ್ಟು ದಣಿಯುತ್ತದೆ. ಅಡಿಯಲ್ಲಿ ರಬ್ಬರ್ ಇರುವ ಮ್ಯಾಟ್ ಹಾಸಿ. ಉಗುರು ನೆಲಕ್ಕೆ ಟಕ್ ಟಕ್ ಅನ್ನುತ್ತಿದ್ದರೆ ಕತ್ತರಿಸಿ. ಉದ್ದ ಉಗುರಿದ್ದರೆ ಪಾದ ನೆಟ್ಟಗೆ ಊರುವುದಿಲ್ಲ. ಪಾದದ ಅಡಿ ಬೆಳೆದ ಕೂದಲನ್ನೂ ತೆಗೆಯಿರಿ, ಜಾರುವುದು ಅದರಿಂದಲೂ. ಹಾಸಿಗೆ ದಪ್ಪಗಿರಲಿ. ಒಂದೇ ಸಲ ಅರ್ಧ ಗಂಟೆ ನಡೆಸುವ ಬದಲು ಹತ್ತು ಹತ್ತು ನಿಮಿಷ ಮೂರು ಸಲ ನಡೆಸಿ. ವಾರವಿಡೀ ಮಲಗಿಸಿ ಭಾನುವಾರ ಓಡಿಸಬೇಡಿ.

ಪ್ರಶ್ನೆ: 38 ಕಿಲೋ ಜಾಸ್ತಿ ಆಯ್ತಾ ಮೇಡಂ? ಊಟ ಕಡಿಮೆ ಮಾಡಿದರೆ ಅವನು ನೋಡುವ ನೋಟ ತಡೆಯೋಕಾಗಲ್ಲ.

ಉತ್ತರ (ಪಶುವೈದ್ಯೆ): ಆ ನೋಟಕ್ಕೆ ನಾನೂ ಸೋತಿದ್ದೇನೆ ಬಿಡಿ. ಪಕ್ಕೆಲುಬಿನ ಮೇಲೆ ಕೈಯಾಡಿಸಿ. ಒತ್ತದೆ ಎಲುಬು ಬೆರಳಿಗೆ ಸಿಗಬೇಕು. ಸಿಗದಿದ್ದರೆ ತೂಕ ಜಾಸ್ತಿ. ಹಾಗಿದ್ದರೆ ಎರಡೂವರೆ ಕಿಲೋ ಇಳಿದರೂ ಕುಂಟುವುದು ಕಡಿಮೆಯಾಗಬಹುದು. 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಜೀವನಪೂರ್ತಿ ಕಾಲು ಭಾಗ ಕಡಿಮೆ ಊಟ ಕೊಟ್ಟ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವು 13 ವರ್ಷದ ಆಸುಪಾಸು ಬದುಕಿದವು, ಉಳಿದವು 11ರ ಆಸುಪಾಸು. ಕೀಲು ಸವೆತದ ತೊಂದರೆಯೂ ತಡವಾಗಿ ಬಂತು. ತಿಂಡಿ ಕೊಡಲೇಬೇಕು ಅನ್ನಿಸಿದರೆ ದಿನದ ಊಟದಿಂದಲೇ ಒಂದು ಹಿಡಿ ತೆಗೆದಿಟ್ಟು ಅದನ್ನೇ ಕೊಡಿ. ಅವನು ಲೆಕ್ಕ ಇಡುವುದಿಲ್ಲ.

ಮತ್ತೊಬ್ಬರ ಪ್ರಶ್ನೆ: ನಮ್ಮ ನಾಯಿಗೆ ಹಿಂಗಾಲಿನ ಪಾದ ಮಡಚಿಕೊಳ್ಳುತ್ತದೆ, ಉಗುರಿನ ಮೇಲ್ಭಾಗ ಸವೆದಿದೆ. ಇದೂ ಅದೇನಾ?

ಉತ್ತರ (ಪಶುವೈದ್ಯೆ): ಇರಲಿಕ್ಕಿಲ್ಲ. ಪಾದ ಮಡಚುವುದು, ಕಾಲು ಎಳೆಯುವುದು ನರ ಅಥವಾ ಬೆನ್ನುಹುರಿಯ ಸೂಚನೆ. ಕೆಲವೊಮ್ಮೆ ನೋವೇ ಇರುವುದಿಲ್ಲ, ಹಾಗಾಗಿ ನೋವಿನ ಮಾತ್ರೆಯಿಂದ ಗುಣ ಕಾಣುವುದಿಲ್ಲ. ಈ ವಾರವೇ ತೋರಿಸಿ. ಇದ್ದಕ್ಕಿದ್ದಂತೆ ಏಳಲು ಆಗದಿದ್ದರೆ, ಮೂತ್ರ ಕಟ್ಟಿದರೆ ವಾರ ಕಾಯಬೇಡಿ, ತಕ್ಷಣ ಹೊರಡಿ.

ಪ್ರಶ್ನೆ (ಕರಿಯನ ಮನೆಯಿಂದ, ಮೂರು ವಾರದ ಮೇಲೆ): ಪರೀಕ್ಷೆ ಆಯಿತು, ಕೀಲು ಸವೆತವೇ. ಮಾತ್ರೆ ಶುರುವಾಗಿದೆ. ಮೆಟ್ಟಿಲಿಗೆ ಹೊಟ್ಟೆಯಡಿ ಟವೆಲ್ ಹಾಕಿ ಎತ್ತಿ ಹಿಡಿಯುತ್ತೇವೆ. ಆದರೆ ಮ್ಯಾಟಿನ ತುದಿಗೆ ಬಂದು ನಿಂತುಬಿಡುತ್ತಾನೆ, ಮುಂದೆ ಹೆಜ್ಜೆ ಇಡಲ್ಲ.

ಉತ್ತರ (ಪಶುವೈದ್ಯೆ): ಬಿದ್ದ ನೆನಪು ಅವನಿಗೆ ಚೆನ್ನಾಗಿಯೇ ಇದೆ, ಅಲ್ವಾ. ಟವೆಲನ್ನು ಹಿಂಗಾಲಿನ ಮುಂದೆ ಹಾಕಿ, ಗಂಡು ನಾಯಿ, ಮೂತ್ರದ ಜಾಗ ಒತ್ತದಂತೆ ನೋಡಿಕೊಳ್ಳಿ. ಮ್ಯಾಟನ್ನು ಅಲ್ಲೊಂದು ಇಲ್ಲೊಂದು ಹಾಸದೆ, ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಎಲ್ಲೂ ಟೈಲ್ಸ್ ಕಾಣದಂತೆ ಸಾಲಾಗಿ ಹಾಸಿ.