ತಂತಿ ಅದುರುವುದು, ಓಲಾಡುವುದು, ಜೀಕುವುದು: ಯಾವುದಕ್ಕೆ ಯಾವ ಪದ?

ಗೆಳೆಯರೇ, ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ನಾಲ್ಕು ದಿನ ಆಯಿತು. ನೀವೇ ಬಿಡಿಸಬೇಕು.

ಹೈಟೆನ್ಷನ್ ಲೈನಿನ ಕೆಲಸಗಾರರಿಗಾಗಿ ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗಾಳಿಗೆ ತಂತಿ ಹೇಗೆ ಅಲ್ಲಾಡುತ್ತದೆ ಎನ್ನುವ ಅಧ್ಯಾಯ ಬಂತು. ಇಂಗ್ಲಿಷಿನಲ್ಲಿ ಇದಕ್ಕೆ ಮೂರು ಹೆಸರು: ಏಯೋಲಿಯನ್ ವೈಬ್ರೇಶನ್, ಗ್ಯಾಲಪಿಂಗ್, ಸಬ್‌ಸ್ಪ್ಯಾನ್ ಆಸಿಲೇಶನ್. ನಾನು ಮೊದಲೆರಡಕ್ಕೂ ‘ಕಂಪನ’ ಅಂತ ಬರೆದೆ, ಮೂರನೆಯದಕ್ಕೆ ‘ಆಂದೋಲನ’. ಕರಡು ಓದಿದ ರಾಯಚೂರು ಕಡೆಯ ಲೈನ್‌ಮ್ಯಾನ್ ಒಬ್ಬರು, “ಏನ್ರಿ ಸರ, ತಂತಿಗೋಳೂ ಮುಷ್ಕರಕ್ಕ ಕುಂತಾವೇನು?” ಅಂದರು. ಪೇಪರ್ ಓದುವವರಿಗೆ ಆಂದೋಲನ ಅಂದರೆ ಅಷ್ಟೇ ಅಲ್ವಾ!

‘ಕಂಪನ’ದ ಬಗ್ಗೆಯೂ ಅವರದು ಒಂದೇ ಮಾತು. “ಕಂಪನ ಗಿಂಪನ ಗೊತ್ತಿಲ್ರಿ. ತಂತಿ ಅದರತೈತ್ರಿ.”

ಅಲ್ಲಿಗೆ ನನ್ನ ಕಣ್ಣು ತೆರೆಯಿತು. ತುಟಿ ಅದುರುತ್ತದೆ, ಕಣ್ಣಿನ ರೆಪ್ಪೆ ಅದುರುತ್ತದೆ. ಇದ್ದ ಜಾಗದಲ್ಲೇ, ಚಿಕ್ಕದಾಗಿ, ಬೇಗ ಬೇಗ. ಏಯೋಲಿಯನ್ ವೈಬ್ರೇಶನ್ ಅಂದರೆ ಪಕ್ಕಾ ಇದೇ. ತಂತಿ ಸೆಕೆಂಡಿಗೆ 3ರಿಂದ 150 ಸಲ ಮೇಲೆ ಕೆಳಗೆ ಆಡುತ್ತದೆ. ಆದರೆ ಆಡುವ ದೂರ ತಂತಿಯ ದಪ್ಪವನ್ನು ಮೀರುವುದು ಅಪರೂಪ. ನೆಲದಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ. ‘ನಡುಗು’ ಇಲ್ಲಿ ಒಗ್ಗುವುದಿಲ್ಲ. ಅದಕ್ಕೆ ಚಳಿಯೋ ಹೆದರಿಕೆಯೋ ಬೇಕು. ಭೂಮಿ ನಡುಗಿತು ಅನ್ನುವಾಗಲೂ ಭೂಮಿಗೆ ಜೀವ ಬಂದ ಹಾಗೇ ಇರುತ್ತದೆ. ತಮಿಳಿನವರು ವೈಬ್ರೇಶನ್ನಿಗೆ ‘ಅದಿರ್ವು’ ಅಂತ ಧೈರ್ಯವಾಗಿ ಪಠ್ಯಪುಸ್ತಕದಲ್ಲೇ ಬರೆಯುತ್ತಾರೆ. ಅದೇ ಬೇರಿನ ಪದ ನಮ್ಮಲ್ಲೂ ಇದ್ದು ನಾವು ಮಾತ್ರ ‘ಕಂಪನ’ಕ್ಕೆ ಜೋತುಬಿದ್ದಿದ್ದೇವೆ.

ಸರಿ, ‘ಅದುರು’ ಗಟ್ಟಿಯಾಯಿತು. ತೊಡಕು ಇರುವುದು ಅದರ ಹಿಂದಿನ ‘ಏಯೋಲಿಯನ್’ನಲ್ಲಿ. ಏಯೋಲಸ್ ಗ್ರೀಕರ ಗಾಳಿದೇವರು. ಹಾಗಾಗಿ ‘ವಾಯು ಅದುರು’ ಅಥವಾ ‘ಗಾಳಿ ಅದುರು’ ಅಂದುಬಿಡಬಹುದು. ಆದರೆ ಗಾಳಿ ಅಂದ ಕೂಡಲೇ ಲೈನಿನವರ ತಲೆಗೆ ಬರುವುದು ಮುಂಗಾರಿಗೆ ಮುಂಚಿನ ಬಿರುಗಾಳಿ, ಮುರಿದ ಕೊಂಬೆ, ಉರುಳಿದ ಕಂಬ. ಇದು ಅದಲ್ಲ. ಈ ಅದುರು ಬರುವುದು ಗಂಟೆಗೆ ಸುಮಾರು 4ರಿಂದ 25 ಕಿಲೋಮೀಟರ್ ವೇಗದ, ಒಂದೇ ಸಮ ಬೀಸುವ ಗಾಳಿಗೆ. ಹೊಳೆಯಲ್ಲಿ ಸೇತುವೆಯ ಕಂಬದ ಹಿಂದೆ ಸುಳಿ ಏಳುತ್ತದಲ್ಲ, ಹಾಗೆ ತಂತಿಯ ಹಿಂದೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಸುಳಿಗಳು ಬಿಚ್ಚಿಕೊಳ್ಳುತ್ತಾ ತಂತಿಯನ್ನು ತಟ್ಟುತ್ತವೆ. (ಇದಕ್ಕೆ ‘ಸುಳಿಸಾಲು’ ಅಂತ ಬರೆದಿದ್ದೇನೆ. ‘ಸುಳಿಗಾಳಿ’ ಅಂದರೆ ಬೇರೆಯೇ ಆಗಿಬಿಡುತ್ತದೆ.) ಗಾಳಿ ಜೋರಾಗಿ, ಕದಡಿಕೊಂಡು ಬೀಸಿದರೆ ಈ ತಾಳ ತಪ್ಪುತ್ತದೆ. ಅದಕ್ಕೇ ಮರಗಿಡ ಇಲ್ಲದ ಎರೆಹೊಲದ ಬಯಲಲ್ಲಿ ಇದರ ಕಾಟ ಜಾಸ್ತಿ. ವರ್ಷಗಟ್ಟಲೆ ಹೀಗೆ ಅದುರಿದರೆ ತಂತಿಯನ್ನು ಹಿಡಿದಿಡುವ ಕ್ಲ್ಯಾಂಪಿನ ಬಾಯಲ್ಲಿ ಅಲ್ಯೂಮಿನಿಯಂ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಬೇಲಿ ತಂತಿಯನ್ನು ಆಚೆ ಈಚೆ ಬಗ್ಗಿಸಿ ಮುರಿಯುವುದಿಲ್ಲವೇ, ಹಾಗೆ.

ಅಂದರೆ ತೊಂದರೆ ಕೊಡುವುದು ಮೆತ್ತನೆಯ ಗಾಳಿ. ಹೆಸರಿನಲ್ಲೇ ಅದು ಗೊತ್ತಾಗಬೇಕು ಅಂತ ನನ್ನ ಹಟ. ಗಾಳಿಗೆ ಹಳಗನ್ನಡದಲ್ಲಿದ್ದ ‘ಎಲರು’ ನೆನಪಾಯಿತು. ತಂಬೆಲರು ಅನ್ನುವುದರಲ್ಲಿ ಇನ್ನೂ ಉಳಿದಿದೆ. ‘ಎಲರದುರು’! ಕಿವಿಗೆ ಎಷ್ಟು ಚೆಂದ. ಏಯೋಲಸ್‌ಗೂ ಎಲರಿಗೂ ದೂರದ ನೆಂಟಸ್ತಿಕೆ ಇದ್ದ ಹಾಗೆ ಕೇಳುತ್ತದೆ, ಆದರೆ ಅದು ಸುಮ್ನೆ ಕಾಕತಾಳೀಯ. ಕಂಬ ಹತ್ತುವವರಿಗೆ ಮಾತ್ರ ಅರ್ಥವಾಗುವುದಿಲ್ಲ. ‘ತಂಗಾಳಿ ಅದುರು’ ಅಂದರೆ ರಾಯಚೂರಿನವರು ನಗುತ್ತಾರೆ, ಅಲ್ಲಿ ಗಾಳಿ ತಂಪಾಗಿರುವುದು ಯಾವಾಗ! ಕೊನೆಗೆ ‘ಮೆಲುಗಾಳಿ ಅದುರು’ ಅಂತ ಇಟ್ಟಿದ್ದೇನೆ. ನೀವು ಒಪ್ಪುತ್ತೀರಾ?

ಇನ್ನೊಂದು ಮಾತು. ಚಿಕ್ಕವರಿದ್ದಾಗ ಟೆಲಿಫೋನ್ ಕಂಬಕ್ಕೆ ಕಿವಿ ಹಚ್ಚಿ ‘ಗುಂಯ್’ ಸದ್ದು ಕೇಳಿದ್ದೀರಾ? ಒಳಗೆ ಮಾತು ಓಡಾಡುತ್ತಿದೆ ಅಂತ ನಾವು ನಂಬಿದ್ದೆವು. ಅದೂ ಈ ಸುಳಿಗಳದೇ ಆಟ. ಜೆಕ್ ವಿಜ್ಞಾನಿ ವಿನ್ಸೆಂಟ್ಸ್ ಸ್ಟ್ರೌಹಾಲ್ 1878ರಲ್ಲೇ ಇದನ್ನು ಅಳೆದಿದ್ದ. ವೀಣೆಯ ತಂತಿಯ ಹಾಗಲ್ಲ, ಇಲ್ಲಿ ಸ್ವರ ಬಿಗಿತದಿಂದ ಬರುವುದಿಲ್ಲ. ಗಾಳಿಯ ವೇಗ ಮತ್ತು ತಂತಿಯ ದಪ್ಪ, ಇವೆರಡೇ ಲೆಕ್ಕ. 3 ಮಿಲಿಮೀಟರ್ ತಂತಿಗೆ ಸೆಕೆಂಡಿಗೆ 5 ಮೀಟರ್ ಗಾಳಿ ಬಡಿದರೆ ಸೆಕೆಂಡಿಗೆ ಸುಮಾರು 330 ಜೋಡಿ ಸುಳಿ (ಮೇಲೊಂದು, ಕೆಳಗೊಂದು), ಚೆನ್ನಾಗಿ ಕೇಳಿಸುತ್ತದೆ. 400 ಕಿಲೋವೋಲ್ಟ್ ಲೈನಿನ ‘ಮೂಸ್’ ತಂತಿಯ ದಪ್ಪ 32 ಮಿಲಿಮೀಟರಿಗೆ ಹತ್ತಿರ. ಅದಕ್ಕೆ ಸೆಕೆಂಡಿಗೆ 3 ಮೀಟರ್ ಗಾಳಿ ಬಡಿದರೆ ಬರೀ 19 ಜೋಡಿ, ಕಿವಿಗೆ ನಿಲುಕುವುದಿಲ್ಲ. ಹಾಗಾಗಿ ದಪ್ಪ ತಂತಿಗೆ ‘ಗುಂಯ್‌ಗುಡು’ ಅನ್ನುವ ಪದ ಕೊಡಲು ಆಗಲಿಲ್ಲ.

ಮಿಕ್ಕವು ಅಷ್ಟು ಕಷ್ಟವಾಗಲಿಲ್ಲ. ಎರಡು ಟವರ್‌ಗಳ ನಡುವಿನ ಸ್ಪ್ಯಾನಿಗೆ ‘ಅಂಕಣ’, ಮನೆಯ ಎರಡು ಕಂಬಗಳ ನಡುವಿನ ಜಾಗಕ್ಕೆ ಹೇಳುವ ಅದೇ ಪದ. ತಂತಿ ನಡುವೆ ಇಳಿಬೀಳುವ ಸ್ಯಾಗಿಗೆ ‘ಜೋಲು’. ಕ್ಲ್ಯಾಂಪಿನ ಪಕ್ಕ ಡಂಬೆಲ್ ಥರ ನೇತಾಡುವ ಸಾಧನವಿದೆ. 1920ರ ದಶಕದಲ್ಲಿ ಅಮೆರಿಕದ ಜಾರ್ಜ್ ಸ್ಟಾಕ್‌ಬ್ರಿಜ್ ಮಾಡಿದ್ದು, ತಂತಿಯ ಅದುರನ್ನು ತಾನು ನುಂಗಿಕೊಳ್ಳುತ್ತದೆ. ಎಲ್ಲರೂ ಡ್ಯಾಂಪರ್ ಅನ್ನುತ್ತಾರೆ, ನಾನೂ ಹಾಗೇ ಬಿಟ್ಟೆ. ಜೊತೆ ತಂತಿಗಳಲ್ಲಿ ಮುಂದಿನದು ಕದಡಿದ ಗಾಳಿಗೆ ಹಿಂದಿನದೂ ಆಡತೊಡಗುತ್ತದಲ್ಲ, ಆ ಸಬ್‌ಸ್ಪ್ಯಾನ್ ಆಸಿಲೇಶನ್ನಿಗೆ ‘ಓಲಾಟ’.

ಉಳಿದದ್ದು ಗ್ಯಾಲಪಿಂಗ್. ಚಳಿದೇಶಗಳಲ್ಲಿ ತಂತಿಯ ಒಂದು ಬದಿಗೆ ಮಂಜುಗಡ್ಡೆ ಕಟ್ಟಿ, ಜೋರು ಗಾಳಿಗೆ ಇಡೀ ಅಂಕಣವೇ ನಿಧಾನವಾಗಿ ಮೀಟರುಗಟ್ಟಲೆ ಏರಿಳಿಯುವುದು. ‘ನಾಗಾಲೋಟ’ ನೇರ ಅನುವಾದ, ಆದರೆ ತಂತಿ ಎಲ್ಲಿಗೂ ಓಡುವುದಿಲ್ಲ. ನನಗೆ ‘ಜೀಕು’ ಇಷ್ಟ. ಜೋಕಾಲಿ ಜೀಕುವಾಗ ಪ್ರತಿ ಸಲ ಕಾಲಿನಿಂದ ಇನ್ನಷ್ಟು ಬಲ ತುಂಬುತ್ತೇವೆ, ತೂಗು ಬೆಳೆಯುತ್ತಾ ಹೋಗುತ್ತದೆ. ಇಲ್ಲಿ ಗಾಳಿ ತಂತಿಗೆ ಮಾಡುವುದೂ ಅದನ್ನೇ. ಆದರೆ ಜೋಕಾಲಿ ಹಿಂದೆ ಮುಂದೆ ಹೋಗುತ್ತದೆ, ತಂತಿ ಮೇಲೆ ಕೆಳಗೆ. ಹಗ್ಗದಾಟದಲ್ಲಿ ಹಗ್ಗ ಹಾರಿಸುವಾಗ, ಗಾಳಿಪಟದ ದಾರ ಏರಿಳಿಯುವಾಗ ನಿಮ್ಮ ಊರಲ್ಲಿ ಏನಂತೀರಿ?