ಪದಚರ್ಚೆ: ಬೋರ್ಡಿನ ಮೇಲೆ ‘ಟೀಕೆ’ ಎಂದು ಬರೆಸಬಹುದೇ?

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ಹಳೇ ಧರ್ಮಶಾಸ್ತ್ರ ಗ್ರಂಥವಾದ ಯಾಜ್ಞವಲ್ಕ್ಯ ಸ್ಮೃತಿಯ ಅರ್ಥ ಬಿಡಿಸಿ ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಬಗ್ಗೆ ಮರತೂರಿನಲ್ಲಿ ಬೋರ್ಡ್ ಹಾಕಿಸುತ್ತಿದ್ದೇವೆ. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾನೆ. ‘ಮಿತಾಕ್ಷರ: ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಟೀಕೆ’ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾಗಿದೆ. ನೋಡುತ್ತಾ ನಿಂತಿದ್ದ ಹುಡುಗನೊಬ್ಬ ಕೇಳಿದ: ‘ಯಾಜ್ಞವಲ್ಕ್ಯ ಏನ್ ತಪ್ಪು ಮಾಡಿದ್ದ ರೀ?’ ಪೇಪರಿನಲ್ಲಿ ದಿನಾ ‘ವಿರೋಧ ಪಕ್ಷದ ಟೀಕೆ’ ಓದುವವರಿಗೆ ಬೇರೇನು ಹೊಳೆಯಬೇಕು? ಭಾಷ್ಯ, ವ್ಯಾಖ್ಯಾನ, ವಿವರಣೆ, ಯಾವುದು ಸರಿ?
(ಶಹಾಬಾದ್)

ಟೀಕೆಯೇ ಇರಲಿ. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದ ಜಯತೀರ್ಥರನ್ನು ಟೀಕಾಚಾರ್ಯರೆಂದೇ ಕರೆಯುವ ಮಳಖೇಡ ನಮ್ಮ ಪಕ್ಕದಲ್ಲೇ ಇದೆ. ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಪೇಪರಿನವರು ಕೆಡಿಸಿದರೆ ನಾವು ಪದ ಬಿಟ್ಟುಕೊಡಬೇಕಾ? ಭಾಷ್ಯವಂತೂ ಬೇಡ, ಅದು ಸೂತ್ರಕ್ಕೆ ಮಾತ್ರ.
(ಸೇಡಂ)

ಎಲ್ಲಾ ಸಂಸ್ಕೃತದ ಸಾಲ. ‘ಹುರುಳು ಬಿಡಿಸಿದ ಹೊತ್ತಗೆ’ ಎಂದು ಬರೆಸಿ.
(ಬೀದರ್)

ಹೊತ್ತಗೆ ‘ಪುಸ್ತಕ’ದ ತದ್ಭವ ಅಲ್ವಾ? ಅದೂ ಸಾಲವೇ, ಹಳೇ ಸಾಲ. ಭಾಷ್ಯ ಸೂತ್ರಕ್ಕೆ ಮಾತ್ರ ಎಂಬ ಮಾತೂ ನಿಲ್ಲುವುದಿಲ್ಲ. ಮನುಸ್ಮೃತಿಗೆ ಮೇಧಾತಿಥಿ ಬರೆದದ್ದು ಭಾಷ್ಯವೇ.

ನನ್ನ ತಕರಾರು ‘ವಿವರಣೆ’ಯ ಮೇಲೆ. ವಿಜ್ಞಾನೇಶ್ವರ ಸುಮ್ನೆ ಅರ್ಥ ಹೇಳಿ ಹೋದವನಲ್ಲ. ಆಸ್ತಿ ಪಾಲಿನ ಭಾಗ ತೆಗೆದು ನೋಡಿ. ಹಿರಿಮಗನಿಗೆ ಜಾಸ್ತಿ ಪಾಲು ಎಂದು ಶಾಸ್ತ್ರದಲ್ಲಿದೆ. ಇದೆ ಎಂದು ಅವನೂ ಒಪ್ಪುತ್ತಾನೆ. ಆದರೆ ಅದು ‘ಲೋಕವಿದ್ವಿಷ್ಟ’, ಜನ ಒಲ್ಲದ್ದು, ಹಾಗೆ ಹಂಚಬಾರದು ಎನ್ನುತ್ತಾನೆ. ಜನ ಒಲ್ಲದ್ದನ್ನು ಮಾಡಬಾರದು ಎಂಬ ಮಾತು ಯಾಜ್ಞವಲ್ಕ್ಯನದೇ. ಅದನ್ನು ತಂದು ಪಾಲಿಗೆ ಹಚ್ಚಿದವನು ಇವನು. ಆಸ್ತಿಯ ಒಡೆತನ ಎಂಬುದೇ ಲೋಕದ ರೂಢಿಯಿಂದ ತಿಳಿಯುವಂಥದ್ದು, ಶಾಸ್ತ್ರದಿಂದಷ್ಟೇ ಅಲ್ಲ ಎಂದೂ ವಾದಿಸುತ್ತಾನೆ. ಹಳೇ ಶ್ಲೋಕದ ಒಳಗೆ ತನ್ನ ಸುತ್ತಲಿನ ಜನರನ್ನು ಕರೆತರುವುದು ಅಂದರೆ ಇದೇ.

ಎಲ್ಲಿ ಕೂತು ಬರೆದೆ ಎಂಬುದನ್ನೂ ಅವನು ಮುಚ್ಚಿಟ್ಟಿಲ್ಲ. ಕಲ್ಯಾಣದಂಥ ಊರು ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಇರದು ಎಂದು ಕೊನೆಯಲ್ಲಿ ಹಾಡಿದ್ದಾನೆ. ಜೊತೆಗೆ ದೊರೆ ಆರನೇ ವಿಕ್ರಮಾದಿತ್ಯನ (1076–1126) ಹೊಗಳಿಕೆಯೂ ಇದೆ. ಇದೇ ಊರಿನವನಾದ ನನಗೆ ಆ ಸಾಲು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

‘ವ್ಯಾಖ್ಯಾನ’ ಎಂದು ಬರೆಸಿ. ವಾದ ಮಾಡುವುದೂ ಆ ಪದದೊಳಗೆ ಹಿಡಿಸುತ್ತದೆ. ಊರು, ಕಾಲ ಮಾತ್ರ ಬಿಡಬೇಡಿ. ಅವಿಲ್ಲದಿದ್ದರೆ ಸ್ಮೃತಿಯೂ ಮಿತಾಕ್ಷರವೂ ಒಂದೇ ದಿನ ಹುಟ್ಟಿದ ಹಾಗೆ ಕಾಣುತ್ತದೆ.
(ಬಸವಕಲ್ಯಾಣ)

ಟೀಕೆ ಅಳಿಸಿದೆವು. ‘ವ್ಯಾಖ್ಯಾನ’, ಅದರ ಕೆಳಗೆ ‘ಕಲ್ಯಾಣ, ಆರನೇ ವಿಕ್ರಮಾದಿತ್ಯನ ಕಾಲ’. ಜಾಗ ಅಷ್ಟೇ ಇದೆ.
(ಶಹಾಬಾದ್)

ಟೀಕಾಚಾರ್ಯರ ಸೀಮೆಯಲ್ಲೇ ‘ಟೀಕೆ’ ಅಳಿಸಿದಿರಿ. ನನಗೆ ಒಪ್ಪಿಗೆ ಇಲ್ಲ.
(ಸೇಡಂ)